ವಾಸ್ಕೋ ಡ ಗಾಮ: ವೀರನೋ? ಖಳನೋ?

‘ಭಾರತಕ್ಕೆ ಜಲಮಾರ್ಗವನ್ನು ಕಂಡುಹಿಡಿದವರು ಯಾರು?’ ಎಂಬ ಪ್ರಶ್ನೆಯು ನಮ್ಮ ಶಾಲೆಗಳ ಚರಿತ್ರೆಯ ಪಾಠದಲ್ಲಿ ತಲೆಮಾರುಗಳಿಂದ ಕೇಳಿಬಂದುದಾಗಿದೆ. ‘ವಾಸ್ಕೋ ಡ ಗಾಮ, ಕ್ರಿ.ಶ. 1498’ ಎಂದು ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕಗಳು ದೊರೆಯುತ್ತವೆ. ಪಾಠವು ಅಲ್ಲಿಗೆ ಮುಗಿಯುತ್ತದೆ. ಆದರೆ ಆ ಮಾರ್ಗದಲ್ಲಿ ಮುಂದೆ ನಡೆದುದೇನು, ಆತನು ಬಂದಿಳಿದ ದಡದ ಜನರಿಗೆ ಒದಗಿದುದೇನು, ಆತನನ್ನು ವೀರನೆಂದು ಸ್ಮರಿಸಬೇಕೆ, ಖಳನೆಂದು ತಿರಸ್ಕರಿಸಬೇಕೆ ಎಂಬ ವಿಚಾರಗಳು ಆ ಒಂದು ಸಾಲಿನ ಉತ್ತರದ ಹಿಂದೆ ಅಡಗಿಹೋಗುತ್ತವೆ.

ಪ್ರಶ್ನೆ ಹಳೆಯದಾದರೂ ಅದು ತೀರಿಹೋದುದಲ್ಲ. 1998ರಲ್ಲಿ ಆ ಪಯಣಕ್ಕೆ ಐನೂರು ವರ್ಷ ತುಂಬಿದಾಗ ಪೋರ್ಚುಗಲ್ ದೇಶವು ಸಂಭ್ರಮದಿಂದ ಉತ್ಸವವನ್ನಾಚರಿಸಿತು. ಲಿಸ್ಬನ್ ನಗರದ ಬಳಿ ಹೊಸದಾಗಿ ಕಟ್ಟಿದ ಮಹಾಸೇತುವೆಗೆ ಆತನ ಹೆಸರನ್ನಿಟ್ಟಿತು. ಅದೇ ಸಂದರ್ಭದಲ್ಲಿ ಗೋವೆಯಲ್ಲಿಯೂ ಕೇರಳದಲ್ಲಿಯೂ ಪ್ರತಿಭಟನೆಗಳು ನಡೆದವು. ಗೋವೆಯ ಒಂದು ಬಂದರುಪಟ್ಟಣವು ಇಂದಿಗೂ ಆತನ ಹೆಸರಿನಿಂದಲೇ ಕರೆಯಿಸಿಕೊಳ್ಳುತ್ತಿದೆ. ಅಮೆರಿಕಕ್ಕೆ ದಾರಿ ತೋರಿದನೆನಿಸಿದ ಕೊಲಂಬಸನ ವಿಗ್ರಹಗಳನ್ನು 2020ರಲ್ಲಿ ಅಲ್ಲಿಯ ಹಲವು ನಗರಗಳಲ್ಲಿ ಜನರು ಕೆಡವಿದರು. ಹೀಗೆ ಒಂದು ದಡದಲ್ಲಿ ಜಯಘೋಷವಾದ ಹೆಸರು ಇನ್ನೊಂದು ದಡದಲ್ಲಿ ನೋವಿನ ನೆನಪಾಗಿರುವಾಗ, ಮಕ್ಕಳ ಮುಂದೆ ಆ ಹೆಸರನ್ನು ಉಚ್ಚರಿಸುವ ಉಪಾಧ್ಯಾಯನು ಯಾವ ಮಾತನ್ನಾಡಬೇಕೆಂಬುದು ವಿಚಾರಣೀಯವಾಗಿದೆ.

ಮೊದಲು ಆತನಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ನ್ಯಾಯ. 1497ನೆಯ ಜುಲೈ 8ರಂದು ನಾಲ್ಕು ನೌಕೆಗಳೊಡನೆ, ಸುಮಾರು 170 ಮಂದಿ ಸಂಗಡಿಗರೊಡನೆ ಗಾಮನು ಲಿಸ್ಬನ್ನಿನಿಂದ ಹೊರಟನು. ಆಫ್ರಿಕದ ದಕ್ಷಿಣದ ತುದಿಯನ್ನು ಬಾರ್ತಲೊಮೆಯು ಡಯಸ್ ಎಂಬ ನಾವಿಕನು 1488ರಲ್ಲಿಯೇ ಬಳಸಿಹೋಗಿದ್ದನು. ಗಾಮನು ತೀರವನ್ನು ಹಿಡಿದು ಹೋಗದೆ, ಅನುಕೂಲವಾದ ಗಾಳಿಗಾಗಿ ಅಟ್ಲಾಂಟಿಕ್ ಸಾಗರದ ನಡುವೆ ದೊಡ್ಡದೊಂದು ಬಿಲ್ಲಿನಾಕಾರದಲ್ಲಿ ಸುತ್ತಿಹೋದನು. ಮೂರು ತಿಂಗಳ ಕಾಲ ಆ ನಾವಿಕರಿಗೆ ನೆಲವೇ ಕಾಣಲಿಲ್ಲ. ಯುರೋಪಿನ ನಾವಿಕರು ಅದುವರೆಗೆ ನೆಲವನ್ನು ಅಷ್ಟು ದೀರ್ಘಕಾಲ ಅಗಲಿ ಸಾಗಿದ್ದಿಲ್ಲ. ಮರುಪಯಣದಲ್ಲಿ ಅರಬ್ಬೀ ಸಮುದ್ರವನ್ನು ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ಒಸಡು ಬಾತು, ಮೈ ಊದಿಕೊಂಡು, ಸ್ಕರ್ವಿ ರೋಗದಿಂದ ಮೂವತ್ತು ಮಂದಿ ಆ ಒಂದು ಹಾಯಿಕೆಯಲ್ಲಿಯೇ ಸತ್ತರು. ಸಿಬ್ಬಂದಿ ಸಾಲದೆ ಒಂದು ನೌಕೆಯನ್ನು ಸುಟ್ಟುಹಾಕಬೇಕಾಯಿತು. ಗಾಮನ ಅಣ್ಣ ಪಾವ್ಲೊ ತಾಯ್ನಾಡನ್ನು ಸೇರುವ ಮುನ್ನವೇ ಅಸುನೀಗಿದನು. ಹೊರಟವರಲ್ಲಿ ಬದುಕಿ ಹಿಂದಿರುಗಿದವರು ಮೂರನೆಯ ಒಂದು ಪಾಲಿನಷ್ಟು ಮಂದಿ ಮಾತ್ರ. ಈ ಧೈರ್ಯವನ್ನೂ ಸಹನೆಯನ್ನೂ ಅಲ್ಲಗಳೆಯುವುದು ಸಾಧ್ಯವಿಲ್ಲ.

ಆದರೆ ‘ಕಂಡುಹಿಡಿದನು’ ಎಂಬ ಮಾತನ್ನು ಒರೆಗೆ ಹಚ್ಚಿ ನೋಡಬೇಕು. ಕಾಣದಿದ್ದುದನ್ನು ಕಾಣುವುದು ಕಂಡುಹಿಡಿಯುವುದು. ಅರಬ್ಬೀ ಸಮುದ್ರದ ಮುಂಗಾರು ಗಾಳಿಯ ಗುಟ್ಟು ಗ್ರೀಕ್ ನಾವಿಕರಿಗೆ ಎರಡು ಸಾವಿರ ವರ್ಷಗಳ ಹಿಂದೆಯೇ ತಿಳಿದಿತ್ತು. ಅರಬರಿಗೂ ಗುಜರಾತಿಗಳಿಗೂ ಆ ಕಡಲು ಮನೆಯಂಗಳದಷ್ಟು ಪರಿಚಿತವಾಗಿತ್ತು. ಪೂರ್ವ ಆಫ್ರಿಕದ ಮಾಲಿಂದಿಯ ದೊರೆಯು ಒದಗಿಸಿದ ಪಳಗಿದ ಮಾರ್ಗದರ್ಶಿಯೊಬ್ಬನನ್ನು ಜೊತೆಗಿರಿಸಿಕೊಂಡು ಗಾಮನು 1498ನೆಯ ಏಪ್ರಿಲ್ 24ರಂದು ಹಾಯಿ ಬಿಚ್ಚಿದನು. ನಾಲ್ಕು ವಾರಗಳೊಳಗೆ, ಮೇ 20ರಂದು, ಕಲ್ಲಿಕೋಟೆಯ ಬಳಿ ಲಂಗರು ಹಾಕಿದನು. ಇಲ್ಲಿಯ ಗಾಳಿಯನ್ನು ಬಲ್ಲ ಒಬ್ಬನ ವಿದ್ಯೆಯು ಆ ಪಯಣವನ್ನು ದಡ ಸೇರಿಸಿತು. ಮರುಪಯಣದಲ್ಲಿ ಗಾಳಿಯ ಕಾಲವನ್ನು ಕಾಯದೆ ಹೊರಟುದರಿಂದ ಅದೇ ಕಡಲು ಮೂರು ತಿಂಗಳು ಕಾಡಿತು. ಆದುದರಿಂದ ಗಾಮನು ಜಲಮಾರ್ಗವನ್ನು ಕಂಡುಹಿಡಿದನೆನ್ನುವುದಕ್ಕಿಂತ, ಯುರೋಪಿನ ಕಡಲದಾರಿಯನ್ನು ಮೊದಲೇ ಇದ್ದ ಪೂರ್ವದ ಕಡಲದಾರಿಗೆ ಜೋಡಿಸಿದನೆನ್ನುವುದು ಸಮಂಜಸ. ಅದೂ ಸಣ್ಣ ಕಾರ್ಯವಲ್ಲ. ಆದರೆ ಅದರಲ್ಲಿ ಪಾಲುದಾರರಿದ್ದರೆಂಬುದನ್ನು ಮರೆಯಲಾಗದು.

ಕಲ್ಲಿಕೋಟೆಯಲ್ಲಿ ನಡೆದುದನ್ನು ಅದೇ ನೌಕಾಪಡೆಯಲ್ಲಿದ್ದ ಒಬ್ಬನು ದಿನಚರಿಯಾಗಿ ಬರೆದಿಟ್ಟಿದ್ದಾನೆ. ಬಂದವರು ದೇವಿಯ ಗುಡಿಯೊಂದನ್ನು ಕ್ರೈಸ್ತರ ಮಂದಿರವೆಂದು ತಿಳಿದು ಕೈಮುಗಿದರು. ಸಾಮೂದಿರಿ ದೊರೆಗೆಂದು ಅವರು ತೆಗೆದಿರಿಸಿದ ಕಾಣಿಕೆ ಪಟ್ಟೆಯ ಬಟ್ಟೆ, ಟೊಪ್ಪಿಗೆ, ಹವಳದ ಸರ, ಕೈತೊಳೆಯುವ ಬೋಗುಣಿ, ಸಕ್ಕರೆ, ಎಣ್ಣೆ, ಜೇನುತುಪ್ಪಗಳಷ್ಟೇ. ಅರಮನೆಯ ಅಧಿಕಾರಿಗಳು ಅದನ್ನು ಕಂಡು ನಕ್ಕರು. ಪ್ರಪಂಚದ ವರ್ತಕರೆಲ್ಲ ಬಂದು ಸೇರುತ್ತಿದ್ದ ಆ ಪಟ್ಟಣಕ್ಕೆ ಹೊಸಬನು ತಂದ ಸರಕು ಅಷ್ಟು ಬಡವಾಗಿತ್ತು. ವ್ಯಾಪಾರವು ಕುದುರದೆ, ಮನಸ್ತಾಪ ಬೆಳೆದು, ಆಗಸ್ಟ್ ತಿಂಗಳ ಕೊನೆಗೆ ಗಾಮನು ಹೊರಟಾಗ ಅಲ್ಲಿಯ ಕೆಲವರನ್ನು ಒತ್ತೆಯಾಳುಗಳಾಗಿ ಎಳೆದೊಯ್ದನು.

ಮುಂದಿನ ನಿಲುಗಡೆ ಕನ್ನಡ ಕರಾವಳಿಗೆ ಅಂಟಿದಂತಿರುವ, ಕಾರವಾರದ ಸಮೀಪದ ಅಂಜದೀವ ದ್ವೀಪ. 1498ನೆಯ ಸೆಪ್ಟೆಂಬರಿನಲ್ಲಿ ಅಲ್ಲಿ ಹಡಗುಗಳ ತಳವನ್ನು ಕೆರೆದು ದುರಸ್ತಿಮಾಡಿ, ಸಿಹಿನೀರು ತುಂಬಿಕೊಂಡರು. ಗೋವೆಯ ಅಧಿಪತಿಯ ಸೇವೆಯಲ್ಲಿದ್ದ ಯೆಹೂದ್ಯನೊಬ್ಬನು ಸ್ನೇಹದ ಮಾತನಾಡುತ್ತ ಹಡಗಿನ ಬಳಿಗೆ ಬಂದನು. ಅವನು ಗೂಢಚಾರನೆಂದು ಶಂಕಿಸಿ ಕಟ್ಟಿ ಥಳಿಸಿದರು. ಪೋರ್ಚುಗಲ್ಲಿಗೆ ಒಯ್ದು, ಕ್ರೈಸ್ತಮತದ ದೀಕ್ಷೆ ಕೊಟ್ಟು, ಗಾಮನ ಮನೆತನದ ಹೆಸರನ್ನೇ ಇಟ್ಟರು. ಗ್ಯಾಸ್ಪರ್ ಡ ಗಾಮ ಎಂಬ ಹೆಸರಿನಿಂದ ಅವನು ಮುಂದೆ ಅವರಿಗೇ ದುಭಾಷಿಯಾದನು.

ಇಷ್ಟನ್ನು ಅಪರಿಚಿತ ನೆಲದಲ್ಲಿ ಹುಟ್ಟಿದ ಭಯದ ಫಲವೆಂದು ಕ್ಷಮಿಸಬಹುದೇನೋ. 1502ರ ಎರಡನೆಯ ಪಯಣಕ್ಕೆ ಆ ಮಾತು ಸಲ್ಲದು. ಈ ನಡುವೆ, 1500ರಲ್ಲಿ, ಕಬ್ರಾಲ್ ಎಂಬವನ ನಾಯಕತ್ವದಲ್ಲಿ ಬಂದ ಪೋರ್ಚುಗೀಸರು ಕಲ್ಲಿಕೋಟೆಯಲ್ಲಿ ಅರಬ ವರ್ತಕರ ಹಡಗೊಂದನ್ನು ಹಿಡಿದುದರಿಂದ ಗಲಭೆಯೆದ್ದು, ಅವರ ಕೋಠಿಯಲ್ಲಿದ್ದ ಹಲವರು ಕೊಲೆಯಾಗಿದ್ದರು. ಕಬ್ರಾಲನು ಪಟ್ಟಣದ ಮೇಲೆ ಫಿರಂಗಿ ಹಾರಿಸಿ ಹೋಗಿದ್ದನು. ಆ ಸೇಡನ್ನು ಮನದಲ್ಲಿಟ್ಟುಕೊಂಡು ಗಾಮನು ಇಪ್ಪತ್ತು ಹಡಗುಗಳ ದಂಡಿನೊಡನೆ ಬಂದನು. ಪೋರ್ಚುಗೀಸ್ ಚರಿತ್ರಕಾರ ಗ್ಯಾಸ್ಪರ್ ಕೊರೆಯನ ಬರೆಹದಂತೆ, ಆತನ ದಂಡು ಹೊನ್ನಾವರದ ಹೊಳೆಯಲ್ಲಿದ್ದ ನೌಕೆಗಳಿಗೆ ಬೆಂಕಿಯಿಟ್ಟಿತು. ವಿಜಯನಗರದ ಅಧೀನದಲ್ಲಿದ್ದ ಭಟ್ಕಳವನ್ನು ಬೆದರಿಸಿ, ಅಲ್ಲಿ ಮೆಣಸಿನ ವ್ಯಾಪಾರ ಕೂಡದು, ತುರುಕರ ಹಡಗು ಬರಕೂಡದು, ಯಾರೂ ಕಲ್ಲಿಕೋಟೆಗೆ ಹೋಗಕೂಡದು ಎಂದು ಕಟ್ಟುಮಾಡಿ, ವರ್ಷವರ್ಷವೂ ಅಕ್ಕಿಯ ಕಪ್ಪವನ್ನು ವಿಧಿಸಿತು. ಭಟ್ಕಳವು ವಿಜಯನಗರಕ್ಕೆ ಕುದುರೆಗಳು ಬಂದಿಳಿಯುವ ಬಂದರಾಗಿತ್ತು. ಎಂದೋ ಬಂದ ಅತಿಥಿಯು ಮನೆಯ ಯಜಮಾನನಿಗೆ ಯಾರನ್ನು ಒಳಗೆ ಬಿಡಬೇಕೆಂದು ಕಟ್ಟಳೆ ಹಾಕಿದಂತಾಯಿತು.

ಅದರ ಬಳಿಕ ನಡೆದುದೇ ಮೀರಿ ಎಂಬ ಹಡಗಿನ ಪ್ರಸಂಗ. ಮೆಕ್ಕಾ ಯಾತ್ರೆಯನ್ನು ಮುಗಿಸಿ, ನೂರಾರು ಮಂದಿ ಗಂಡಸರು, ಹೆಂಗಸರು, ಮಕ್ಕಳನ್ನು ಹೊತ್ತು ಕಲ್ಲಿಕೋಟೆಗೆ ಹಿಂದಿರುಗುತ್ತಿದ್ದ ಹಡಗು ಅದು. ಕೇರಳದ ಏಳಿಮಲೆಯ ಬಳಿಯ ಕಡಲಿನಲ್ಲಿ ಗಾಮನ ದಂಡು ಅದನ್ನು ಹಿಡಿಯಿತು. ಯಾತ್ರಿಕರಲ್ಲಿದ್ದ ಧನಿಕರು ಎಲ್ಲರ ಜೀವಕ್ಕೆ ಬದಲಾಗಿ ಅಪಾರ ಹಣವನ್ನು ಕೊಡಲು ಮುಂದಾದರು. ಗಾಮನು ಒಪ್ಪಲಿಲ್ಲ. ಸರಕನ್ನೂ ಆಯುಧಗಳನ್ನೂ ಕಿತ್ತುಕೊಂಡು, ಜನರನ್ನು ಒಳಗಿರಿಸಿಯೇ ಹಡಗಿಗೆ ಬೆಂಕಿಯಿಡಲು ಆಜ್ಞೆಯಿತ್ತನು. ಹೆಂಗಸರು ತಮ್ಮ ಒಡವೆಗಳನ್ನೂ ಹಸುಗೂಸುಗಳನ್ನೂ ಮೇಲೆತ್ತಿ ಹಿಡಿದು ಕರುಣೆಗಾಗಿ ಮೊರೆಯಿಟ್ಟರು. ಆಯುಧವಿಲ್ಲದ ಗಂಡಸರು ಬೆಂಕಿಯನ್ನು ಆರಿಸಿ, ಕಲ್ಲು ತೂರಿ, ದಿನಗಟ್ಟಲೆ ಹೋರಾಡಿದರು. ಕೊನೆಗೆ 1502ನೆಯ ಅಕ್ಟೋಬರ್ ಮೊದಲ ವಾರದಲ್ಲಿ ಹಡಗು ಸುಟ್ಟು ಮುಳುಗಿತು. ಕ್ರೈಸ್ತರನ್ನಾಗಿ ಮಾಡಲೆಂದು ತೆಗೆದುಕೊಂಡ ಸುಮಾರು ಇಪ್ಪತ್ತು ಮಕ್ಕಳನ್ನು ಬಿಟ್ಟರೆ, ಉಳಿದವರು ಬಹುಮಟ್ಟಿಗೆ ಎಲ್ಲರೂ ಅಳಿದರು. ಮುಂದೆ ಕಲ್ಲಿಕೋಟೆಯ ಎದುರಿಗೆ ಕೈಗೆ ಸಿಕ್ಕ ಬಡ ಬೆಸ್ತರನ್ನು ಕೊಲ್ಲಿಸಿ, ಅವರ ಅಂಗಗಳನ್ನು ಕಡಿದು ದಡಕ್ಕೆ ಕಳುಹಿದುದೂ ಇದೇ ಪಯಣದಲ್ಲಿ.

ಈ ಕಥನವು ಗಾಮನ ಶತ್ರುಗಳು ಕಟ್ಟಿದುದಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಅದೇ ದಂಡಿನಲ್ಲಿದ್ದ ಟೋಮೆ ಲೋಪೆಸ್ ಎಂಬ ಪೋರ್ಚುಗೀಸನೇ ಕಣ್ಣಾರೆ ಕಂಡು ಬರೆದುದಿದು. ಆ ನೋಟವು ಬದುಕಿರುವವರೆಗೆ ತನ್ನನ್ನು ಬಿಡದೆಂಬ ಭಾವವನ್ನು ಅವನು ಮರೆಮಾಚಿಲ್ಲ. ‘ಅಂದಿನ ಕಾಲವೇ ಹಾಗಿತ್ತು, ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯಬಾರದು’ ಎಂಬ ವಾದಕ್ಕೆ ಇದೇ ಉತ್ತರ. ಅಳತೆಗೋಲು ಅಂದೂ ಇತ್ತು. ಗಾಮನ ಸಂಗಡಿಗನ ಎದೆಯಲ್ಲಿಯೇ ಇತ್ತು.

ಗಾಮನ ಪರವಾಗಿ ಹೇಳಬಹುದಾದ ಇನ್ನೊಂದು ಮಾತುಂಟು: ಆ ದಾರಿ ತೆರೆದುದರಿಂದ ಪ್ರಪಂಚವು ಒಂದಾಯಿತು. ಇಂದು ಹುಮನಾಬಾದು, ಬಸವಕಲ್ಯಾಣಗಳ ಸೀಮೆಯಲ್ಲಿ ಜೋಳದ ರೊಟ್ಟಿಯ ಪಕ್ಕಕ್ಕೆ ಬೀಳುವ ಖಾರವೂ ಶೇಂಗಾದ ಹಿಂಡಿಯೂ ಮೂಲತಃ ನಮ್ಮವಲ್ಲ. ಮೆಣಸಿನಕಾಯಿ, ಶೇಂಗಾ, ಗೋಡಂಬಿ, ಪೇರಲ, ಅನಾನಸು ಇವೆಲ್ಲ ಅಮೆರಿಕದ ನೆಲದಿಂದ ಕಡಲು ದಾಟಿ ಬಂದವು. ಆ ಸಾಗಣೆಯಲ್ಲಿ ಪೋರ್ಚುಗೀಸರ ಪಾಲು ದೊಡ್ಡದು. ಭಾರತದ ಮೊದಲ ಅಚ್ಚುಯಂತ್ರವು 1556ರಲ್ಲಿ ಗೋವೆಯಲ್ಲಿ ನೆಲೆಗೊಂಡುದೂ ಅವರಿಂದಲೇ. ಇದು ಸತ್ಯ. ಆದರೆ ಇವು ಗಾಮನು ಕೊಟ್ಟ ದಾನಗಳಲ್ಲ. ಅನೇಕ ಕೈಗಳಿಂದ, ಅನೇಕ ದಶಕಗಳಲ್ಲಿ ಬಂದ ಫಲಗಳು. ಹಡಗಿನಲ್ಲಿ ಬೀಜ ಬರುವುದಕ್ಕೆ ಇನ್ನೊಂದು ಹಡಗನ್ನು ಸುಡಬೇಕಾಗಿರಲಿಲ್ಲ. ಅದಲ್ಲದೆ ಅದೇ ದಾರಿಯಲ್ಲಿ ರಹದಾರಿಯ ಚೀಟಿಯೂ ಬಂದಿತು. ಬಂದರಿನಲ್ಲಿ ಸುಂಕ ಕೊಡುವುದು ಹಿಂದಿನಿಂದ ಬಂದ ರೂಢಿ; ಕಡಲಿನ ಮೇಲೆಯೇ ಒಡೆತನ ಹೂಡಿ, ತಮ್ಮ ಚೀಟಿಯಿಲ್ಲದ ನೌಕೆಯನ್ನು ಹಿಡಿಯುವ ಪದ್ಧತಿಯನ್ನು ಈ ತೀರದಲ್ಲಿ ನೆಲೆಗೊಳಿಸಿದವರು ಪೋರ್ಚುಗೀಸರು. ಇದಕ್ಕೆ ನಮ್ಮವರಲ್ಲಿ ಕೈಜೋಡಿಸಿದವರೂ ಇದ್ದರು: ಹೊನ್ನಾವರದ ತಿಮ್ಮೋಜನು 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಹಿಡಿಯಲು ನೆರವಾದನು. ಎದುರಿಸಿ ನಿಂತವರೂ ಇದ್ದರು: ಉಳ್ಳಾಲದ ರಾಣಿ ಅಬ್ಬಕ್ಕನು ಆ ಶತಮಾನದಲ್ಲಿಯೇ ಪೋರ್ಚುಗೀಸರೊಡನೆ ಕಾದಾಡಿದಳು.

ಇನ್ನು, ದೂರದೇಶದ ಪಯಣಿಗನೆಂದರೆ ಹೀಗೆಯೇ ಇರಬೇಕೆಂಬ ನಿಯಮವಿತ್ತೆ? ಇದಕ್ಕೆ ಉತ್ತರವು ಬೀದರ ಜಿಲ್ಲೆಯ ಈ ನೆಲದಲ್ಲಿಯೇ ಇದೆ. ಗಾಮನಿಗಿಂತ ಸುಮಾರು ಕಾಲು ಶತಮಾನ ಮೊದಲು ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನನು ದಾರಿಯಲ್ಲಿ ದರೋಡೆಗೊಳಗಾಗಿ, ಪಾರಸಿ ದೇಶವನ್ನು ಹಾದು, ಹೊರ್ಮುಜಿನಿಂದ ಕಡಲು ದಾಟಿ ಚೌಲ್ ಬಂದರಿನಲ್ಲಿ ಇಳಿದನು. ಅವನ ಬಂಡವಾಳ ಮಾರಲು ತಂದ ಒಂದು ಕುದುರೆ. ಜುನ್ನರಿನ ಅಧಿಕಾರಿಯು ಅದನ್ನು ಕಿತ್ತುಕೊಂಡು, ಮತಾಂತರವಾದರೆ ಮಾತ್ರ ಹಿಂದಿರುಗಿಸುವೆನೆಂದನು; ಖುರಾಸಾನದ ಸಜ್ಜನನೊಬ್ಬನು ನಡುವೆ ಬಂದು ಅದನ್ನು ಬಿಡಿಸಿಕೊಟ್ಟನು. ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರಿಗೆ ಬಂದು, ದುಬಲಗುಂಡಿಯಿಂದ ದೂರವಲ್ಲದ ಆಳಂದದ ಜಾತ್ರೆಯ ಸಂಗತಿಯನ್ನೂ, ಅಲ್ಲಿ ಕುದುರೆಗಳು ಮಾರಾಟಕ್ಕೆ ಬರುವುದನ್ನೂ ಅವನು ಬರೆದಿದ್ದಾನೆ. ಇಲ್ಲಿಯ ಹಿಂದೂಗಳಿಗೆ ತಾನು ಯಾರೆಂಬುದನ್ನು ಮುಚ್ಚಿಡದೆ ತಿಳಿಸಿದ ಮೇಲೆ, ಅವರು ತಮ್ಮ ಊಟ, ವ್ಯಾಪಾರ, ಪೂಜೆ ಯಾವುದನ್ನೂ ತನ್ನಿಂದ ಮರೆಮಾಡಲಿಲ್ಲವೆನ್ನುತ್ತಾನೆ. ಅವರೊಡನೆ ಶಿವರಾತ್ರಿಗೆ ಶ್ರೀಶೈಲ ಪರ್ವತಕ್ಕೂ ಹೋಗಿಬಂದನು. ಸರದಾರರು ಬೆಳ್ಳಿಯ ಮಂಚದ ಮೇಲೆ ಹೊರಿಸಿಕೊಂಡು ಹೋಗುತ್ತಿರುವಾಗ ಹಳ್ಳಿಯ ಜನರು ಬಡತನದಲ್ಲಿರುವುದನ್ನು ಕಂಡು ಬರೆದನು. ಅವನೇನೂ ಋಷಿಯಲ್ಲ, ಲಾಭಕ್ಕಾಗಿ ಬಂದವನು, ಲಾಭ ಸಿಗಲಿಲ್ಲವೆಂದು ಗೊಣಗಿದವನು. ಆದರೂ ಅವನು ಊರನ್ನು ಕಂಡನು, ಹಿಡಿಯಲಿಲ್ಲ. ತಾಯ್ನಾಡಿನ ದಾರಿಯಲ್ಲಿ, ಸ್ಮೊಲೆನ್ಸ್ಕ್ ಸೇರುವ ಮೊದಲೇ ತೀರಿಕೊಂಡನು. ಅವನ ಬರೆಹವು ರಷ್ಯದ ಚರಿತ್ರೆಯ ಕಡತಗಳಲ್ಲಿ ಉಳಿದು ಬಂದಿತು.

ನಿಕಿತಿನನಿಗೆ ಫಿರಂಗಿಯಿರಲಿಲ್ಲ, ಆದುದರಿಂದ ಸಾಧುವಾಗಿದ್ದನು. ಬಲಹೀನನ ಸೌಜನ್ಯವೊಂದು ಗುಣವೆ? ಎಂದು ಯಾರಾದರೂ ಕೇಳಬಹುದು. ಯುಕ್ತವಾದ ಪ್ರಶ್ನೆಯೇ. ಆದರೆ ಬಲವಿದ್ದವರ ನಿದರ್ಶನವೂ ಉಂಟು. 1405ರಿಂದ 1433ರವರೆಗೆ ಚೀನದ ಜೆಂಗ್ ಹೆ ಏಳು ಬಾರಿ ಈ ಸಾಗರಕ್ಕೆ ಬಂದನು. ಆತನ ಮೊದಲ ಪಯಣದಲ್ಲಿಯೇ ಸುಮಾರು 27,000 ಮಂದಿ ಇದ್ದರು. ಗಾಮನ ನಾಲ್ಕು ನೌಕೆಗಳು ಅದರ ಮುಂದೆ ದೋಣಿಗಳಂತೆ. ಸಿಂಹಳದಲ್ಲಿ ಆತನೂ ಯುದ್ಧ ಮಾಡಿ ಅಲ್ಲಿಯ ಅರಸನನ್ನು ಸೆರೆಹಿಡಿದನು, ಆತನನ್ನೂ ನಿರ್ದೋಷಿಯೆನ್ನಲಾಗದು. ಆದರೆ ಕಲ್ಲಿಕೋಟೆಗೆ ಮತ್ತೆ ಮತ್ತೆ ಬಂದರೂ ಅಲ್ಲಿ ಕೋಟೆ ಕಟ್ಟಲಿಲ್ಲ, ಕಡಲು ತನ್ನದೆನ್ನಲಿಲ್ಲ. ಬಲವು ಕ್ರೌರ್ಯವಾಗಲೇಬೇಕೆಂಬ ವಿಧಿಯಿಲ್ಲ, ಆಯ್ಕೆಯಿದೆ. ಆಯ್ಕೆಯಿರುವಲ್ಲಿ ಹೊಣೆಯೂ ಇದೆ.

ಈಗ ‘ವೀರ’ ಎಂಬ ಪದವನ್ನೇ ವಿಚಾರಿಸಬೇಕು. ಆಲಂಕಾರಿಕರು ವೀರರಸಕ್ಕೆ ಉತ್ಸಾಹವನ್ನು ಸ್ಥಾಯಿಭಾವವೆಂದೂ, ರೌದ್ರರಸಕ್ಕೆ ಕ್ರೋಧವನ್ನು ಸ್ಥಾಯಿಭಾವವೆಂದೂ ಬೇರ್ಪಡಿಸಿದ್ದಾರೆ. ವೀರನಲ್ಲಿ ದಾನವೀರ, ಧರ್ಮವೀರ, ಯುದ್ಧವೀರ, ದಯಾವೀರ ಎಂಬ ಭೇದಗಳನ್ನೂ ಎಣಿಸಿದ್ದಾರೆ. ಅಟ್ಲಾಂಟಿಕ್ ಸಾಗರದ ನಡುವೆ ಮೂರು ತಿಂಗಳು ನೆಲ ಕಾಣದೆ ಮುಂದುವರಿದ ಗಾಮನಲ್ಲಿ ಉತ್ಸಾಹವಿತ್ತೆಂಬುದು ನಿರ್ವಿವಾದ. ಆದರೆ ಮೀರಿಯ ಮುಂದೆ ನಿಂತವನಲ್ಲಿ ಕಾಣುವುದು ಕ್ರೋಧ. ಅಲ್ಲಿ ಯುದ್ಧವೇ ಇರಲಿಲ್ಲವಾಗಿ ಯುದ್ಧವೀರವೂ ಇಲ್ಲ. ಶಾಸ್ತ್ರವನ್ನು ಬಿಟ್ಟು ನಮ್ಮ ಊರಬಾಗಿಲ ವೀರಗಲ್ಲುಗಳನ್ನು ಕೇಳಿದರೂ ಇದೇ ಉತ್ತರ ದೊರೆಯುತ್ತದೆ. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಶಬ್ದಗಳು ಆ ಶಾಸನಗಳಲ್ಲಿ ಬರುತ್ತವೆ. ಕಳ್ಳರು ದನಗಳನ್ನು ಅಟ್ಟಿಕೊಂಡು ಹೋಗುವಾಗ, ಊರು ಅಳಿಯುವಾಗ, ಹೆಂಗಸರ ಹುಯಿಲು ಕೇಳಿಬಂದಾಗ ಅತ್ತ ಓಡಿ ಮಡಿದವನಿಗೆ ಕನ್ನಡಿಗರು ಕಲ್ಲು ನಿಲ್ಲಿಸಿದರು. ಮೀರಿಯ ಮೇಲಿಂದ ಕೇಳಿಬಂದುದು ಪೆಣ್ಬುಯ್ಯಲೇ. ಅದನ್ನು ಕೇಳಿಯೂ ಬೆಂಕಿಯನ್ನು ನಿಲ್ಲಿಸದವನಿಗೆ ಈ ನಾಡಿನ ಭಾಷೆಯಲ್ಲಿ ವೀರಪದವು ಸಲ್ಲದು.

ಹಾಗೆಂದು ಆತನನ್ನು ಕೇವಲ ರಾಕ್ಷಸನೆಂದು ಚಿತ್ರಿಸಿ ಮುಗಿಸುವುದೂ ಪಾಠವಾಗದು. ದೊಡ್ಡವನಲ್ಲಿ ದೊಡ್ಡ ದೋಷವಿರಬಹುದೆಂಬುದನ್ನು ಕನ್ನಡ ಕಾವ್ಯಪರಂಪರೆಯು ಬಹು ಹಿಂದೆಯೇ ಬಲ್ಲದು. ನಾಗಚಂದ್ರನ ರಾವಣನು ಗುಣಶಾಲಿಯಾಗಿದ್ದೂ ಎಡವಿದವನು; ಆದರೆ ಸೀತೆಯ ಶೋಕವನ್ನು ಕಂಡು ಅವನ ಮನಸ್ಸು ತಿರುಗಿತು, ಪಶ್ಚಾತ್ತಾಪ ಹುಟ್ಟಿತು. ಆದುದರಿಂದಲೇ ಓದುಗನಿಗೆ ಅವನಲ್ಲಿ ಮರುಕ. ಗಾಮನ ಆಜ್ಞೆಯು ಯಾರ ಶೋಕಕ್ಕೂ ತಿರುಗಲಿಲ್ಲ. 1524ರಲ್ಲಿ ರಾಜಪ್ರತಿನಿಧಿಯಾಗಿ ಮೂರನೆಯ ಬಾರಿ ಬಂದು, ಅದೇ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ತೀರಿಕೊಂಡಾಗ ಆತನಿಗೆ ಸಕಲ ಮರ್ಯಾದೆಗಳೂ ಸಂದವು. 1572ರಲ್ಲಿ ಅಚ್ಚಾದ ಕಮೊಯಿಂಶನ ಮಹಾಕಾವ್ಯವು ಆತನ ಮೊದಲ ಪಯಣವನ್ನು ವಸ್ತುವಾಗಿಸಿಕೊಂಡು ಹಾಡಿತು. ಮೀರಿಯಲ್ಲಿ ಬೆಂದವರಿಗೆ ಸಮಾಧಿಯೂ ಇಲ್ಲ, ಹೆಸರೂ ಇಲ್ಲ.

ಇಲ್ಲಿ ಒಂದು ವಿವೇಕ ಬೇಕು. ಸ್ಮರಿಸುವುದು ಬೇರೆ, ಸನ್ಮಾನಿಸುವುದು ಬೇರೆ. ಚರಿತ್ರೆಯನ್ನು ತಿರುಗಿಸಿದವನನ್ನು ಸ್ಮರಿಸಲೇಬೇಕು. ಮರೆತರೆ ಮೀರಿಯ ಯಾತ್ರಿಕರೂ ಅವನೊಡನೆ ಮರೆಯಾಗುತ್ತಾರೆ. ಆದರೆ ಕಟ್ಟಡಕ್ಕೆ, ಬೀದಿಗೆ, ಊರಿಗೆ ಹೆಸರಿಡುವುದು ಸ್ಮರಣೆಯಲ್ಲ, ಸನ್ಮಾನ. ಮಕ್ಕಳಿಗೆ ‘ಇವನಂತಾಗಿರಿ’ ಎಂದು ಹೇಳುವ ರೀತಿ. ಆ ಗೌರವಕ್ಕೆ ಗಾಮನು ಅರ್ಹನಲ್ಲ. ಅವನ ನೌಕಾವಿದ್ಯೆಯ ಲೆಕ್ಕವೇ ಬೇರೆ, ಅವನ ನಡತೆಯ ಲೆಕ್ಕವೇ ಬೇರೆ. ಒಂದರ ಜಮೆಯಿಂದ ಇನ್ನೊಂದರ ಸಾಲವನ್ನು ತೀರಿಸಲು ಬರುವುದಿಲ್ಲ. ಎರಡನ್ನೂ ಒಂದೇ ಪುಟದಲ್ಲಿ ಬರೆದು ತೋರಿಸುವುದು ಉಪಾಧ್ಯಾಯನ ಧರ್ಮ.

ಆದುದರಿಂದ ಹಳೆಯ ಪ್ರಶ್ನೆಯನ್ನು ಕೇಳುವುದಾದರೆ ಅದರ ಉತ್ತರವು ಇನ್ನು ಮುಂದೆ ಒಂದು ಸಾಲಿನದಾಗಬಾರದು. ‘ಮಾಲಿಂದಿಯ ಮಾರ್ಗದರ್ಶಿಯ ನೆರವಿನಿಂದ 1498ರಲ್ಲಿ ಯುರೋಪಿನ ಕಡಲದಾರಿಯನ್ನು ಭಾರತದ ಕಡಲದಾರಿಗೆ ಜೋಡಿಸಿದವನು ವಾಸ್ಕೋ ಡ ಗಾಮ. 1502ರಲ್ಲಿ ಮೀರಿ ಎಂಬ ಯಾತ್ರಿಕರ ಹಡಗನ್ನು ಜನರೊಡನೆ ಸುಡಿಸಿದವನೂ ಅವನೇ.’ ಈ ಎರಡು ವಾಕ್ಯಗಳನ್ನೂ ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕಗಳು ಸಲ್ಲಲಿ.